ಬಾದಾಮಿಯ ಬಂಡೆಗೆ ತಕ್ಕ ರಾಕ್ ಕ್ರಾಲರ್: ಜೋಡಿಸುವುದು, ತಿದ್ದುವುದು

ರಿಮೋಟಿನಿಂದ ಓಡುವ ಗಾಡಿ ಎಂದೊಡನೆ ಬಯಲಿನಲ್ಲಿ ಧೂಳೆಬ್ಬಿಸಿಕೊಂಡು ಹೋಗುವ ಕಾರು ಕಣ್ಣ ಮುಂದೆ ಬರುತ್ತದೆ. ರಾಕ್ ಕ್ರಾಲರ್ ಆ ಜಾತಿಗೆ ಸೇರಿದ್ದಲ್ಲ. ಮನುಷ್ಯ ನಡೆಯುವ ವೇಗದಲ್ಲಿ ಸಾಗುತ್ತ, ತನ್ನ ಗಾಲಿಯಷ್ಟೇ ಎತ್ತರದ ಕಲ್ಲನ್ನು ಒಂದೊಂದೇ ಗಾಲಿಯಿಂದ ಹಿಡಿದು ಹತ್ತಿ, ಮಗುಚದೆ ಆಚೆ ಬದಿಗೆ ಇಳಿಯುವುದೇ ಅದರ ಕೆಲಸ. ಬಾಗಲಕೋಟೆ ಜಿಲ್ಲೆಯವರಿಗೆ ಇದಕ್ಕೆ ಬೇಕಾದ ನೆಲವನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಬಾದಾಮಿ, ಗುಳೇದಗುಡ್ಡದ ಸುತ್ತಲಿನ ಕೆಂಪು ಮರಳುಗಲ್ಲು ಉಪ್ಪು ಕಾಗದದಂತೆ ಒರಟಾಗಿರುವುದರಿಂದ ರಬ್ಬರನ್ನು ಚೆನ್ನಾಗಿ ಹಿಡಿಯುತ್ತದೆ. ಪದರು ಪದರಾಗಿ ಸೀಳಿಕೊಂಡ ಬಂಡೆಗಳಲ್ಲಿ ಗಾಡಿಗೆ ಸರಿಹೊಂದುವ ಮೆಟ್ಟಿಲುಗಳು ತಾವಾಗಿಯೇ ಇರುತ್ತವೆ.

ಬಾಗಲಕೋಟೆ ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಜೋಡಿಸಿದ ಮೊದಲ ಗಾಡಿ ಆರು ತಿಂಗಳಿಗೆ ಮೂಲೆ ಸೇರಿತು. ಕೈಯಲ್ಲಿದ್ದ ಹಣವನ್ನೆಲ್ಲ ಮೊದಲು ಮೋಟಾರಿಗೆ ಸುರಿದಿದ್ದೆ. ಗಾಡಿ ಬಂಡೆಯ ಬುಡದಲ್ಲಿ ಗಾಲಿ ತಿರುಗಿಸುತ್ತ ನಿಲ್ಲುತ್ತಿತ್ತು, ಇಲ್ಲವೇ ಹಿಮ್ಮುಖವಾಗಿ ಪಲ್ಟಿ ಹೊಡೆಯುತ್ತಿತ್ತು. ಎರಡನೆಯ ಗಾಡಿಗೆ ಟಾಯರು ಮೊದಲು, ತೂಕ ಆಮೇಲೆ, ನಂತರ ಸರ್ವೋ (ಗಾಲಿಯನ್ನು ಎಡಬಲಕ್ಕೆ ತಿರುಗಿಸುವ ಸಣ್ಣ ಯಂತ್ರ), ಕಟ್ಟಕಡೆಗೆ ಮೋಟಾರು ಎಂಬ ಕ್ರಮದಲ್ಲಿ ಖರ್ಚು ಮಾಡಿದೆ. ಮುಂದೆ ಬರೆದಿರುವುದೆಲ್ಲ ಆ ಎರಡನೆಯ ಗಾಡಿಯಿಂದ ಕಲಿತದ್ದು.

ಅಳತೆ ಮತ್ತು ಕಿಟ್ಟು

ನಿಜವಾದ ಜೀಪಿನ ಹತ್ತನೆಯ ಒಂದರಷ್ಟು, ಹದಿನೆಂಟನೆಯ ಒಂದರಷ್ಟು, ಇಪ್ಪತ್ತನಾಲ್ಕನೆಯ ಒಂದರಷ್ಟು ಎಂದು ಕ್ರಾಲರುಗಳು ಹಲವು ಅಳತೆಗಳಲ್ಲಿ ಸಿಗುತ್ತವೆ. ಅತಿ ಸಣ್ಣದು ಅಂಗೈ ಮೇಲೆ ನಿಲ್ಲುತ್ತದೆ; ಮನೆಯೊಳಗೆ ಪುಸ್ತಕಗಳ ರಾಶಿಯ ಮೇಲೆ ಹತ್ತಿಸಲು ಅದು ಸಾಕು. ಹೊರಗಿನ ಬಂಡೆಗೆ 1/10 ಅಳತೆಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದರ ಬಿಡಿಭಾಗಗಳು ಹೆಚ್ಚು ಸಿಗುತ್ತವೆ, ಸ್ಕ್ರೂಗಳು ಬೆರಳಿಗೆ ಸಿಗುವಷ್ಟು ದಪ್ಪ ಇರುತ್ತವೆ, ಬೇಕಾದರೆ ಊರಿನ ಲೇಥ್ ಅಂಗಡಿಯಲ್ಲಿ ಒಂದು ತುಣುಕನ್ನು ಮಾಡಿಸಿಕೊಳ್ಳಲೂ ಬರುತ್ತದೆ. ಈ ಅಳತೆಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ ಬಹುಮಟ್ಟಿಗೆ 313 ಮಿ.ಮೀ. ಇರುತ್ತದೆ, ಬಾಡಿ ಕೊಳ್ಳುವಾಗ ಮೊದಲು ನೋಡಬೇಕಾದ ಸಂಖ್ಯೆ ಇದೇ.

ಜೋಡಿಸಿಯೇ ಬರುವ ಗಾಡಿಗಿಂತ ಬಿಡಿಬಿಡಿಯಾಗಿ ಬರುವ ಕಿಟ್ಟನ್ನು ಕೊಳ್ಳುವುದು ಮೇಲು. ಬಂಡೆಯ ಮೇಲೆ ಓಡುವ ಗಾಡಿ ಒಂದಿಲ್ಲೊಂದು ದಿನ ಬಿಚ್ಚಲೇಬೇಕಾಗುತ್ತದೆ. ಯಾವ ಸ್ಕ್ರೂ ಎಲ್ಲಿದೆ ಎಂಬುದು ಕೈಗೆ ಗೊತ್ತಿದ್ದರೆ ಆ ದಿನ ಸುಲಭವಾಗಿ ಕಳೆಯುತ್ತದೆ. ಆಕ್ಸಲ್‌ಗಳಲ್ಲಿ ಎರಡು ಬಗೆಯುಂಟು. ನೇರ ಆಕ್ಸಲ್‌ನಲ್ಲಿ ಗಾಲಿಯ ನಡುವಿನ ಎತ್ತರದಲ್ಲೇ ಆಕ್ಸಲ್ ಹಾಯ್ದಿರುತ್ತದೆ. ಪೋರ್ಟಲ್ ಆಕ್ಸಲ್‌ನಲ್ಲಿ ಪ್ರತಿ ಗಾಲಿಯ ಬಳಿ ಎರಡು ಗೇರುಗಳಿದ್ದು, ಆಕ್ಸಲ್ ಗಾಲಿಯ ನಡುವಿಗಿಂತ ಮೇಲೆ ಕೂರುತ್ತದೆ. ಹೀಗಾಗಿ ಹೊಟ್ಟೆಯ ಕೆಳಗೆ ಹೆಚ್ಚು ಜಾಗ ಸಿಗುತ್ತದೆ, ಒಳಗಿನ ಶಾಫ್ಟುಗಳ ಮೇಲಿನ ಒತ್ತಡವೂ ಇಳಿಯುತ್ತದೆ. 2017ರಲ್ಲಿ ಬಂದ ಟ್ರಾಕ್ಸಸ್ ಟಿಆರ್‌ಎಕ್ಸ್-4 ಈ ಬಗೆಯದು. ಮೊದಲ ಗಾಡಿಗೆ ನೇರ ಆಕ್ಸಲ್ ಸಾಕು. ಗೇರು ಕಡಿಮೆ ಇದ್ದಷ್ಟು ಮರಳು ಹೊಗುವ ಸಂದುಗಳೂ ಕಡಿಮೆ.

ಸಲಕರಣೆಗಳಲ್ಲಿ ಜಿಪುಣತನ ಮಾಡಬಾರದ ಒಂದೇ ವಸ್ತು ಅಲೆನ್ ಕೀ. 1.5, 2 ಮತ್ತು 2.5 ಮಿ.ಮೀ. ಅಳತೆಯ ಮೂರು ಗಟ್ಟಿ ಉಕ್ಕಿನ ಹಿಡಿಕೆಯ ಕೀಗಳು, ಗಾಲಿಯ ನಟ್ಟಿಗೆ 7 ಮಿ.ಮೀ. ಪಾನಾ, ಇಷ್ಟಿದ್ದರೆ ಮುಕ್ಕಾಲು ಕೆಲಸ ಮುಗಿಯುತ್ತದೆ. ಮೆದು ಲೋಹದ ಅಗ್ಗದ ಕೀಗಳು ಸ್ಕ್ರೂವಿನ ತಲೆಯನ್ನು ದುಂಡಗೆ ಸವೆಸಿಬಿಡುತ್ತವೆ. ಆಮೇಲೆ ಆ ಸ್ಕ್ರೂವನ್ನು ಕೊರೆದೇ ತೆಗೆಯಬೇಕು.

ಜೋಡಣೆ

ಆಕ್ಸಲ್‌ಗಳಿಂದ ಆರಂಭಿಸಬೇಕು. ಒಳಗಿನ ಗೇರುಗಳ ಹಲ್ಲುಗಳಿಗೆ ಗ್ರೀಸನ್ನು ತೆಳುವಾಗಿ ಸವರಿ, ಮುಚ್ಚಳ ಹಾಕಿ, ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು. ತಿರುಗುವಿಕೆ ಎಲ್ಲ ಕಡೆ ಒಂದೇ ಸಮ ಇರಬೇಕು. ಒಂದು ಜಾಗದಲ್ಲಿ ಬಿಗಿಯಾಗಿ ಇನ್ನೊಂದು ಜಾಗದಲ್ಲಿ ಸಡಿಲವಾದರೆ ಬೇರಿಂಗ್ ಓರೆಯಾಗಿ ಕೂತಿದೆ ಎಂದು ತಿಳಿಯಬೇಕು. ಕ್ರಾಲರಿನಲ್ಲಿ ಎಡಗಾಲಿಯೂ ಬಲಗಾಲಿಯೂ ಬಿಗಿಯಾಗಿ ಕೂಡಿಕೊಂಡಿರುತ್ತವೆ. ರಸ್ತೆಯ ಕಾರಿನಂತೆ ಡಿಫರೆನ್ಶಿಯಲ್ ಇದ್ದರೆ ಗಾಳಿಯಲ್ಲಿ ಎದ್ದ ಗಾಲಿ ಸುಮ್ಮನೆ ಗಿರಗಿರ ತಿರುಗಿ, ನೆಲದ ಮೇಲಿನ ಗಾಲಿ ನಿಂತುಬಿಡುತ್ತದೆ.

ಪ್ಲಾಸ್ಟಿಕ್ಕಿಗೆ ಸ್ಕ್ರೂ ಹಾಕುವುದಕ್ಕೂ ಒಂದು ರೀತಿಯಿದೆ. ಒಮ್ಮೆ ಬಿಚ್ಚಿದ ಸ್ಕ್ರೂವನ್ನು ಮತ್ತೆ ಹಾಕುವಾಗ ಮೊದಲು ಅದನ್ನು ಹಿಮ್ಮುಖವಾಗಿ ತಿರುಗಿಸಬೇಕು. ಹಳೆಯ ಎಳೆಗೆ ಅದು ಟಕ್ಕೆಂದು ಇಳಿದದ್ದು ಬೆರಳಿಗೆ ತಿಳಿಯುತ್ತದೆ, ಆಗ ಮುಂದಕ್ಕೆ ಬಿಗಿಯಬೇಕು. ಹಾಗೆ ಮಾಡದಿದ್ದರೆ ಪ್ರತಿ ಸಲವೂ ಹೊಸ ಎಳೆ ಕೊರೆದು, ನಾಲ್ಕನೆಯ ಸಲಕ್ಕೆ ತೂತು ಬರಿದಾಗುತ್ತದೆ. ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ ನೀಲಿ ಥ್ರೆಡ್ ಲಾಕರಿನ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಬೇಕು. ಪ್ಲಾಸ್ಟಿಕ್ಕಿಗೆ ಅದು ತಾಗಿದರೆ ಬಿರುಕು ಬಿಡುವ ಸಂಭವವಿದೆ.

ಮೋಟಾರಿನ ತುದಿಯ ಸಣ್ಣ ಗೇರಾದ ಪಿನಿಯನ್ನಿಗೂ ಅದು ತಿರುಗಿಸುವ ದೊಡ್ಡ ಗೇರಿಗೂ ನಡುವೆ ಕೂದಲೆಳೆಯಷ್ಟು ಸಡಿಲ ಇರಬೇಕು. ಇದಕ್ಕೆ ಶಾಲೆಯ ನೋಟುಬುಕ್ಕಿನ ಹಾಳೆ ಸಾಕು. ಬೆರಳಗಲದ ಪಟ್ಟಿಯೊಂದನ್ನು ಕತ್ತರಿಸಿ ಎರಡು ಗೇರುಗಳ ಹಲ್ಲಿನ ನಡುವೆ ತೂರಿಸಿ, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿದು, ಗೇರನ್ನು ತಿರುಗಿಸಿ ಪಟ್ಟಿಯನ್ನು ಹೊರಗೆ ತೆಗೆಯಬೇಕು. ಪಟ್ಟಿಯ ಮೇಲೆ ಹಲ್ಲಿನ ಗುರುತು ಮಡಿಕೆಯಾಗಿ ಮೂಡಿ, ಕಾಗದ ಹರಿಯದೆ ಬಂದರೆ ಸಂದು ಸರಿಯಾಗಿದೆ. ಹರಿದರೆ ಬಿಗಿ ಹೆಚ್ಚಾಗಿದೆ, ಗುರುತೇ ಮೂಡದಿದ್ದರೆ ಸಡಿಲ ಹೆಚ್ಚಾಗಿದೆ.

ಗೇರಿನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿದರೆ ಕ್ರಾಲರಿನ ಸ್ವಭಾವವೇ ಅರ್ಥವಾಗುತ್ತದೆ. ಪಿನಿಯನ್ನಿಗೆ 14 ಹಲ್ಲು, ದೊಡ್ಡ ಗೇರಿಗೆ 56 ಹಲ್ಲು ಇದ್ದರೆ ಅಲ್ಲಿಗೆ ನಾಲ್ಕು ಪಟ್ಟು. ಗೇರ್‌ಬಾಕ್ಸು ಮತ್ತು ಆಕ್ಸಲ್ ಸೇರಿ ಇನ್ನು ಹತ್ತು ಪಟ್ಟು ಎಂದು ಹಿಡಿದರೆ ಒಟ್ಟು 40 ಪಟ್ಟು ಇಳಿಕೆ. ಮೋಟಾರು ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಗಾಲಿ 250 ಸುತ್ತು ತಿರುಗುತ್ತದೆ. ಗಾಲಿಯ ಅಡ್ಡಳತೆ 115 ಮಿ.ಮೀ. ಇದ್ದರೆ ಒಂದು ಸುತ್ತಿಗೆ 361 ಮಿ.ಮೀ., ಅಂದರೆ ನಿಮಿಷಕ್ಕೆ 90 ಮೀಟರು, ಗಂಟೆಗೆ 5.4 ಕಿ.ಮೀ. ನಾವು ಸಂಜೆ ವಾಯುವಿಹಾರಕ್ಕೆ ಹೋಗುವ ವೇಗವಿದು; ಬಂಡೆಗೆ ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಚಾಸಿಗೂ ಆಕ್ಸಲ್‌ಗೂ ನಡುವೆ ಇರುವ ಲಿಂಕುಗಳಲ್ಲಿ ಕೆಳಗಿನವು ಉಕ್ಕಿನವಾಗಿದ್ದು, ಮೇಲಿನವು ಅಲ್ಯುಮಿನಿಯಂ ಇಲ್ಲವೇ ಪ್ಲಾಸ್ಟಿಕ್ಕಿನವಾಗಿದ್ದರೆ ಭಾರ ತಾನಾಗಿಯೇ ಕೆಳಗಿಳಿಯುತ್ತದೆ. 6 ಮಿ.ಮೀ. ಸಲಾಕೆಯ ಎರಡೂ ತುದಿಗೆ 2.5 ಮಿ.ಮೀ. ತೂತು ಕೊರೆದು ಎಂ3 ಟ್ಯಾಪ್ ಹೊಡೆದರೆ (3 ಮಿ.ಮೀ. ಸ್ಕ್ರೂವಿನ ಎಳೆ ಕೊರೆದರೆ) ಲಿಂಕು ಸಿದ್ಧವಾಗುತ್ತದೆ. ಉದ್ದದಲ್ಲಿ ಎಡಬಲಗಳ ನಡುವೆ ಅರ್ಧ ಮಿ.ಮೀ. ವ್ಯತ್ಯಾಸವಾದರೂ ಗಾಡಿ ಒಂದು ಬದಿಗೆ ಎಳೆಯುತ್ತದೆ. ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಹೋಗುವ ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ಸಾಲಿನಲ್ಲಿರಬೇಕು. ಒಂದು ಅಡ್ಡವಾಗಿ ಒಂದು ಉದ್ದವಾಗಿ ಕೂತರೆ ಗಾಡಿ ನಿಧಾನವಾಗಿ ಹೋಗುವಾಗ ತಡೆತಡೆದು ಮುನ್ನುಗ್ಗುತ್ತದೆ.

ಶಾಕ್ ಅಬ್ಸಾರ್ಬರಿಗೆ ಸಿಲಿಕೋನ್ ಎಣ್ಣೆಯನ್ನೇ ಹಾಕಬೇಕು. ಎಣ್ಣೆ ತುಂಬಿ, ಪಿಸ್ಟನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಮೇಲೆ ಬರುವವರೆಗೆ ಕಾದು ಮುಚ್ಚಳ ಹಾಕಬೇಕು. ಒಮ್ಮೆ ಎಣ್ಣೆ ಮುಗಿದಾಗ, ತರಿಸಲು ನಾಲ್ಕು ದಿನ ಯಾಕೆ ಕಾಯಬೇಕೆಂದು ಮನೆಯಲ್ಲಿದ್ದ ಹೊಲಿಗೆ ಯಂತ್ರದ ಎಣ್ಣೆಯನ್ನು ಹಾಕಿದೆ. ಎರಡು ವಾರಕ್ಕೆ ಒಳಗಿನ ರಬ್ಬರ್ ಉಂಗುರಗಳು ನೆನೆಹಾಕಿದ ಕಡಲೆಯಂತೆ ಉಬ್ಬಿ, ಪಿಸ್ಟನ್ ಅಲುಗಾಡದಂತಾಯಿತು. ಸಿಲಿಕೋನ್ ರಬ್ಬರಿಗೂ ಖನಿಜ ಎಣ್ಣೆಗೂ ಆಗಿಬರುವುದಿಲ್ಲ. ಅದೇ ಎಣ್ಣೆ ಬೇರಿಂಗಿಗೆ ಮಾತ್ರ ತಕ್ಕದ್ದು. ಸ್ಪ್ರಿಂಗು ಮೆತ್ತಗಿರಲಿ: ಗಾಡಿಯನ್ನು ನೆಲಕ್ಕಿಟ್ಟಾಗ ತನ್ನ ಭಾರಕ್ಕೇ ಶಾಕ್ ಮೂರನೆಯ ಒಂದು ಭಾಗದಷ್ಟಾದರೂ ಕುಗ್ಗಿ ಕೂರಬೇಕು. ಆಗಲೇ ಹಳ್ಳ ಸಿಕ್ಕಾಗ ಗಾಲಿ ಕೆಳಗಿಳಿದು ನೆಲವನ್ನು ಮುಟ್ಟುತ್ತದೆ.

ವಿದ್ಯುತ್ತಿನ ಭಾಗ

ಗಾಲಿಯನ್ನು ಎಡಬಲಕ್ಕೆ ತಿರುಗಿಸುವ ಸರ್ವೋವಿನ ಹಲ್ಲುಗಳು ಲೋಹದವಾಗಿರಬೇಕು. 20ರಿಂದ 25 ಕಿ.ಗ್ರಾಂ-ಸೆಂ.ಮೀ. ಬಲ ಇರಬೇಕು. ಎರಡು ಕಲ್ಲುಗಳ ನಡುವೆ ಗಾಲಿ ಸಿಕ್ಕಿಕೊಂಡಾಗ ತಿರುಗಿಸಬೇಕಾದದ್ದು ಅದೇ. ಕಿಟ್ಟಿನೊಂದಿಗೆ ಬಂದ ಪ್ಲಾಸ್ಟಿಕ್ ಹಲ್ಲಿನ ಸರ್ವೋ ನನ್ನ ಗಾಡಿಯಲ್ಲಿ ಮೊದಲ ಭಾನುವಾರವೇ ಕಟಕಟ ಸದ್ದು ಮಾಡಿ ಕೈಕೊಟ್ಟಿತು. ಸರ್ವೋವಿನ ತುದಿಗೆ ಕೂರುವ ಸಣ್ಣ ಪಟ್ಟಿಯನ್ನು, ಅಂದರೆ ಅದರ ಕೈಯನ್ನು, ಜೋಡಿಸುವ ಮೊದಲು ನಾವು ಹಿಡಿಯುವ ಟ್ರಾನ್ಸ್‌ಮಿಟರನ್ನೂ ಗಾಡಿಯೊಳಗಿನ ರಿಸೀವರನ್ನೂ ಚಾಲೂ ಮಾಡಿ, ಸರ್ವೋ ತನ್ನ ನಡುವಿನ ಸ್ಥಾನಕ್ಕೆ ಬಂದ ಮೇಲೆಯೇ ಕೈ ಕೂರಿಸಬೇಕು. ಆ ಕೈಯ ಒಳಗಿನ ಹಲ್ಲುಗಳ ಎಣಿಕೆ ಹೆಚ್ಚಿನ ಸರ್ವೋಗಳಲ್ಲಿ 25, ಕೆಲವಲ್ಲಿ 23; ಎಣಿಸದೆ ಕೊಂಡರೆ ಅಂಗಡಿಗೆ ಎರಡು ಸಲ ತಿರುಗಬೇಕಾಗುತ್ತದೆ. ಕೊನೆಯಲ್ಲಿ ಟ್ರಾನ್ಸ್‌ಮಿಟರಿನಲ್ಲಿ ಎಡಬಲದ ಮಿತಿಯನ್ನು, ಗಾಲಿ ತನ್ನ ಕೊನೆಯ ತಿರುವಿಗೆ ಬಂದು ಸರ್ವೋ ಗುಂಯ್‌ಗುಡುವುದಕ್ಕೆ ಸ್ವಲ್ಪ ಮೊದಲೇ ನಿಲ್ಲುವಂತೆ ಹೊಂದಿಸಬೇಕು.

ಮೋಟಾರಿನ ವೇಗವನ್ನು ಹಿಡಿದಿಡುವ ಪೆಟ್ಟಿಗೆಗೆ ಇಎಸ್‌ಸಿ ಎನ್ನುತ್ತಾರೆ. ಕ್ರಾಲರಿಗೆಂದೇ ಮಾಡಿದ ಇಎಸ್‌ಸಿಯಲ್ಲಿ ಡ್ರ್ಯಾಗ್ ಬ್ರೇಕ್ ಎಂಬ ಗುಣವಿರುತ್ತದೆ: ಟ್ರಿಗರಿನಿಂದ ಬೆರಳು ತೆಗೆದೊಡನೆ ಗಾಲಿ ನಿಂತಲ್ಲೇ ಹಿಡಿದುಕೊಳ್ಳುತ್ತದೆ. ಇದನ್ನು ಪೂರ್ತಿ ನೂರಕ್ಕೆ ಇಡಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಗಾಡಿ ತಾನಾಗಿ ಹಿಂದಕ್ಕೆ ಜಾರುತ್ತದೆ. ಬ್ಯಾಟರಿಯ ಬಗೆಯನ್ನು ಆರಿಸುವ ಸಣ್ಣ ಜಂಪರ್ ಇದ್ದರೆ ಅದನ್ನು ಲಿಪೋ (ಲಿಥಿಯಂ ಪಾಲಿಮರ್) ಕಡೆಗೇ ಹಾಕಬೇಕು.

ದೊಡ್ಡ ಸರ್ವೋ ಹಾಕಿದವರಿಗೆ ಬರುವ ವಿಚಿತ್ರವಾದ ತೊಂದರೆಯೊಂದಿದೆ. ಗಾಲಿ ಕಲ್ಲಿಗೆ ಸಿಕ್ಕಿ, ಪೂರ್ತಿ ತಿರುಗಿಸಿ ಹಿಡಿದ ಕ್ಷಣಕ್ಕೆ ಇಡೀ ಗಾಡಿ ಒಂದು ಕ್ಷಣ ಸತ್ತಂತಾಗಿ ಮತ್ತೆ ಎಚ್ಚರಗೊಳ್ಳುತ್ತದೆ. ರೇಡಿಯೋ ಕೆಟ್ಟಿದೆ ಎಂದು ನಾನು ಎರಡು ತಿಂಗಳು ತಪ್ಪು ತಿಳಿದಿದ್ದೆ. ನಿಜವಾಗಿ ಆಗುತ್ತಿದ್ದದ್ದು ಬೇರೆ: ಇಎಸ್‌ಸಿ ಒಳಗಿನ ಬಿಇಸಿ (ಬ್ಯಾಟರಿಯ ವೋಲ್ಟೇಜನ್ನು ಇಳಿಸಿಕೊಡುವ ಭಾಗ) ಸರ್ವೋವಿಗೂ ರಿಸೀವರಿಗೂ ಒಂದೇ ಕಡೆಯಿಂದ ವಿದ್ಯುತ್ ಕೊಡುತ್ತದೆ, ಸರ್ವೋ ಒಮ್ಮೆಲೇ ಹೆಚ್ಚು ಎಳೆದುಕೊಂಡಾಗ ವೋಲ್ಟೇಜು ಕುಸಿದು ರಿಸೀವರ್ ಆರಿಹೋಗುತ್ತದೆ. ಬೇರೆಯದೇ ಆದ ಬಿಇಸಿಯೊಂದನ್ನು ಬ್ಯಾಟರಿಗೆ ಜೋಡಿಸಿ, ಅದನ್ನು ಸರ್ವೋ ತಾಳುವ ವೋಲ್ಟೇಜಿಗೆ ಹೊಂದಿಸಿದರೆ ಸಮಸ್ಯೆ ತೀರುತ್ತದೆ. ಹಾಗೆ ಮಾಡುವಾಗ ಇಎಸ್‌ಸಿಯಿಂದ ರಿಸೀವರಿಗೆ ಬರುವ ಮೂರು ತಂತಿಗಳಲ್ಲಿ ನಡುವಿನ ಕೆಂಪು ತಂತಿಯನ್ನು ತೆಗೆದು ಟೇಪು ಸುತ್ತಬೇಕು; ಇಲ್ಲದಿದ್ದರೆ ಎರಡು ಬಿಇಸಿಗಳು ಒಂದರ ಮೇಲೊಂದು ಬೀಳುತ್ತವೆ.

ಬ್ಯಾಟರಿಗೆ ಎಕ್ಸ್‌ಟಿ60 ಕನೆಕ್ಟರ್ ಬೆಸೆಯುವಾಗ ಗಂಡು ಹೆಣ್ಣು ಎರಡನ್ನೂ ಕೂಡಿಸಿಟ್ಟೇ ಬೆಸುಗೆ ಹಾಕಬೇಕು. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾದರೂ ಒಳಗಿನ ಕಡ್ಡಿಗಳು ಓರೆಯಾಗುವುದಿಲ್ಲ. ಕೆಂಪು, ಕಪ್ಪು ಅದಲುಬದಲಾದರೆ ಇಎಸ್‌ಸಿ ಒಂದೇ ಕ್ಷಣಕ್ಕೆ ಸುಡುತ್ತದೆ.

ಎರಡು ಸೆಲ್ಲಿನ ಲಿಪೋ ಬ್ಯಾಟರಿ 7.4 ವೋಲ್ಟಿನದು, ಪೂರ್ತಿ ತುಂಬಿದಾಗ ಸೆಲ್ಲಿಗೆ 4.2ರಂತೆ 8.4 ವೋಲ್ಟು ಇರುತ್ತದೆ. ಎರಡೂ ಸೆಲ್ಲನ್ನು ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರಿನಲ್ಲೇ, ಎದುರಿಗೆ ಕೂತಿದ್ದು, ಶಹಾಬಾದಿ ಫರ್ಸಿಯಂಥ ಬೆಂಕಿ ಹತ್ತದ ನೆಲದ ಮೇಲಿಟ್ಟು ತುಂಬಬೇಕು. 2,200 ಎಂಎಎಚ್ ಬ್ಯಾಟರಿಗೆ 2.2 ಆಂಪಿಯರ್ ಸಾಕು. ವಾರಗಟ್ಟಲೆ ಬಳಸದಿದ್ದರೆ ಸೆಲ್ಲಿಗೆ 3.8 ವೋಲ್ಟಿನಲ್ಲಿ ಇಡಬೇಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚುವುದಾಗಲಿ ಮತ್ತೆ ತುಂಬುವುದಾಗಲಿ ಕೂಡದು. ನಮ್ಮ ಕಡೆಯ ಬೇಸಿಗೆಯಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಬ್ಯಾಟರಿಯನ್ನು ಬೈಕಿನ ಡಿಕ್ಕಿಯಲ್ಲಾಗಲಿ ನಿಲ್ಲಿಸಿದ ಕಾರಿನಲ್ಲಾಗಲಿ ಬಿಡಬಾರದು. ಅಗ್ಗದ 3ಡಿ ಪ್ರಿಂಟಿನ ಬಿಡಿಭಾಗಗಳ ಗತಿಯೂ ಅದೇ. ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಹೊತ್ತಿಗೆ ಮೆತ್ತಗಾಗುತ್ತದೆ. ಪಿಇಟಿಜಿ ಅಥವಾ ಎಬಿಎಸ್‌ನಲ್ಲಿ ಮಾಡಿಸುವುದು ಸುರಕ್ಷಿತ.

ಟಾಯರು

ಮಾರ್ಪಾಡಿನ ಮೊದಲ ರೂಪಾಯಿ ಇಲ್ಲಿಗೆ ಹೋಗಬೇಕು. 1.9 ಇಂಚಿನ ರಿಮ್ಮಿಗೆ ಕೂರುವ ಮೆತ್ತನೆಯ ರಬ್ಬರಿನ ಟಾಯರು, ಅಂಟಿನ ಬದಲು ಸ್ಕ್ರೂವಿನಿಂದ ಬಿಗಿಯುವ ಬೀಡ್‌ಲಾಕ್ ರಿಮ್ಮು, ಒಳಗೆ ಸ್ಪಂಜಿನ ಉಂಗುರ, ಈ ಮೂರೂ ಸೇರಿದರೆ ಒಂದು ಗಾಲಿ. ಟಾಯರಿನೊಳಗೆ ಒತ್ತಿದ ಗಾಳಿ ಇರುವುದಿಲ್ಲ. ಆಕಾರ ಕೊಡುವುದು ಸ್ಪಂಜೇ. ಹೊರಗಿನಿಂದ ಬೆರಳಲ್ಲಿ ಒತ್ತಿದರೆ ಚೆನ್ನಾಗಿ ನಾದಿದ ರೊಟ್ಟಿ ಹಿಟ್ಟಿನಂತೆ ಒಳಹೋಗಿ, ನಿಧಾನಕ್ಕೆ ಮೇಲೇಳಬೇಕು. ಚೆಂಡಿನಂತೆ ಪುಟಿದರೆ ಸ್ಪಂಜು ಗಟ್ಟಿಯಾಯಿತು. ಹೊರ ಅಂಚನ್ನು ಕತ್ತರಿಯಿಂದ ಸ್ವಲ್ಪ ಸ್ವಲ್ಪ ಕತ್ತರಿಸುತ್ತ ಒತ್ತಿ ನೋಡಬೇಕು. ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಒಂದಿಷ್ಟು ಮೆತ್ತಗಿರುವುದು ಒಳ್ಳೆಯದು.

ಒಮ್ಮೆ ಚಿತ್ರ ನೋಡಿ ಮರುಳಾಗಿ, ಮೆತ್ತನೆಯ ರಬ್ಬರು ಎಂದು ಬರೆದಿದ್ದ ಅಗ್ಗದ ಟಾಯರುಗಳನ್ನು ತರಿಸಿದೆ. ಬಂದದ್ದು ಹವಾಯಿ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ. ಅಂದಿನಿಂದ ನನಗೊಂದು ಪರೀಕ್ಷೆ ರೂಢಿಯಾಗಿದೆ: ಟಾಯರಿನ ಮೈಮೇಲಿನ ಒಂದು ಗುಬ್ಬಿಗೆ (ಉಬ್ಬಿಗೆ) ಉಗುರು ಒತ್ತಿದಾಗ ಗುರುತು ಒಂದು ಕ್ಷಣ ನಿಂತು ಮಾಯವಾದರೆ ಅದು ಬಂಡೆಗೆ ಬರುತ್ತದೆ.

ರಿಮ್ಮಿನಲ್ಲಿ ಇಲ್ಲವೇ ಟಾಯರಿನಲ್ಲಿ ಗಾಳಿಯಾಡಲು ತೂತು ಇರಲೇಬೇಕು, ಇಲ್ಲದಿದ್ದರೆ ಒಳಗಿನ ಗಾಳಿ ಹೊರಹೋಗದೆ ಟಾಯರು ಕಲ್ಲಿಗೆ ಬಾಗುವುದಿಲ್ಲ. ಹಳ್ಳದ ನೀರಿನಲ್ಲೂ ಓಡಿಸುವವರು ತೂತನ್ನು ಟಾಯರಿನ ಮೈಗೆ ಕೊರೆದರೆ, ತಿರುಗುವಾಗ ನೀರು ತಾನಾಗಿ ಚಿಮ್ಮಿ ಹೋಗುತ್ತದೆ. ಬೀಡ್‌ಲಾಕಿನ ಸ್ಕ್ರೂಗಳನ್ನು ಒಂದರ ಪಕ್ಕ ಒಂದರಂತೆ ಬಿಗಿಯದೆ, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ತೂಕ

ಏರು ಹತ್ತುವಾಗ ಚಕ್ಕಡಿ ಹೊಡೆಯುವವನು ಮುಂದಕ್ಕೆ ಸರಿದು ಕೂರುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿರುತ್ತಾರೆ. ಅವನು ಹಿಂದೆ ಕೂತರೆ ಹೇರು ಹಿಂದಕ್ಕೆ ವಾಲಿ, ನೊಗ ಮೇಲೇಳುತ್ತದೆ. ಕ್ರಾಲರಿಗೂ ಇದೇ ನ್ಯಾಯ: ಭಾರ ಮುಂದಿರಬೇಕು, ಕೆಳಗಿರಬೇಕು. ಒಟ್ಟು ತೂಕದಲ್ಲಿ ನೂರಕ್ಕೆ 55ರಿಂದ 60 ಭಾಗ ಮುಂದಿನ ಆಕ್ಸಲ್ ಮೇಲೆ ಬಿದ್ದರೆ ಗಾಡಿ ಏರಿನಲ್ಲಿ ಮೂಗೆತ್ತುವುದಿಲ್ಲ.

ಅಳೆಯಲು ಅಡುಗೆಮನೆಯ ತಕ್ಕಡಿ ಸಾಕು. ಮುಂದಿನ ಗಾಲಿಗಳನ್ನು ತಕ್ಕಡಿಯ ಮೇಲೆ, ಹಿಂದಿನ ಗಾಲಿಗಳನ್ನು ಅಷ್ಟೇ ಎತ್ತರದ ಪುಸ್ತಕದ ಮೇಲೆ ಇಟ್ಟು ಓದಬೇಕು. ಆಮೇಲೆ ತಿರುಗಿಸಿ ಇಡಬೇಕು. ನನ್ನ ಗಾಡಿ ಮೊದಲಿಗೆ ಮುಂದೆ 1,300, ಹಿಂದೆ 1,300 ಗ್ರಾಂ ಇತ್ತು. ನೋಡಲು ಸಮತೋಲ, ಬಂಡೆಗೆ ಅಯೋಗ್ಯ.

ಸಾಂದ್ರತೆಯಲ್ಲಿ ಹಿತ್ತಾಳೆ ಅಲ್ಯುಮಿನಿಯಂನ ಮೂರು ಪಟ್ಟು. ಆದ್ದರಿಂದ ಅದೇ ಜಾಗದಲ್ಲಿ ಮೂರು ಪಟ್ಟು ಭಾರ ತುಂಬುತ್ತದೆ. ಮುಂದಿನ ಗಾಲಿಯೊಳಗೆ ಕೂರಲು ಹೊರ ಅಡ್ಡಳತೆ 36, ಒಳ ಅಡ್ಡಳತೆ 20, ದಪ್ಪ 8 ಮಿ.ಮೀ. ಇರುವ ಹಿತ್ತಾಳೆಯ ಉಂಗುರಗಳ ನಕ್ಷೆ ಬರೆದುಕೊಂಡು, ಬೆಳಗಾವಿಗೆ ಹೋದಾಗ ಉದ್ಯಮಬಾಗದ ಲೇಥ್ ಅಂಗಡಿಯೊಂದಕ್ಕೆ ಹೋದೆ. ಲೇಥಿನವರು ನಕ್ಷೆಯನ್ನು ಮೇಲೆ ಕೆಳಗೆ ನೋಡಿ, “ಇಷ್ಟ್ ಸಣ್ಣ ತುಣುಕು ಚಕ್ಕಿನ್ಯಾಗ ಹಿಡಿಯಂಗಿಲ್ರೀ, ಒಂದ ಸಲಾಕಿಗೆ ನಾಕೂ ಮಾಡಿ ಆಮ್ಯಾಲ ಕತ್ತರಿಸೋಣು” ಎಂದರು. ಹಾಗೆಯೇ ಒಂದೇ ಸಲಾಕೆಯ ನಡುವೆ ತೂತು ಕೊರೆದು, ಹೊರಮೈ ತಿರುವಿ, ನಾಲ್ಕು ಉಂಗುರಗಳನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿಕೊಟ್ಟರು. ಒಂದೊಂದೂ 48 ಗ್ರಾಂ. ಒಂದೇ ಸಲಾಕೆಯಿಂದ ಬಂದದ್ದರಿಂದ ನಾಲ್ಕರ ತೂಕದಲ್ಲೂ ವ್ಯತ್ಯಾಸವಿರಲಿಲ್ಲ. ಎರಡು ಗಾಡಿಗೆ ಹೋದವು, ಎರಡು ಡಬ್ಬಿಯಲ್ಲಿವೆ.

ಮುಂದಿನ ಗಾಲಿಗಳಿಗೆ ಈ ಎರಡು ಉಂಗುರ, ಸ್ಟೀರಿಂಗಿನ ನಕಲ್‌ಗಳಿಗೆ (ಮುಂದಿನ ಗಾಲಿಯನ್ನು ಹಿಡಿದು ಎಡಬಲಕ್ಕೆ ತಿರುಗುವ ತುಣುಕುಗಳು) ತಲಾ 60 ಗ್ರಾಂ ಹೆಚ್ಚುವ ಹಿತ್ತಾಳೆಯ ಭಾಗಗಳು, ಅಲ್ಲಿಗೆ 216 ಗ್ರಾಂ ಸೇರಿತು. ಹಿಂದಿದ್ದ ದೊಡ್ಡ ಬ್ಯಾಟರಿಯ ಹಲಗೆಯನ್ನು ಕಿತ್ತು, ಸಣ್ಣ ಬ್ಯಾಟರಿಯನ್ನು ಮುಂದಿನ ಆಕ್ಸಲ್‌ನ ಮೇಲೆ ಚಾಸಿಯ ನಡುವೆ ತಗ್ಗಾಗಿ ಕೂರಿಸಿದೆ. ಉಳಿದ ಹೊಂದಾಣಿಕೆಗಳೂ ಸೇರಿ ಕೊನೆಗೆ ಮುಂದೆ 1,636, ಹಿಂದೆ 1,180 ಗ್ರಾಂ ನಿಂತಿತು. ಅಂದರೆ ನೂರಕ್ಕೆ 58. ಲೇಥಿಗೆ ಹೋಗಲು ಆಗದವರು ಟಾಯರ್ ಅಂಗಡಿಯಲ್ಲಿ ಕಾರಿನ ಗಾಲಿಗೆ ಅಂಟಿಸುವ ಐದು, ಹತ್ತು ಗ್ರಾಮಿನ ಬ್ಯಾಲೆನ್ಸಿಂಗ್ ಪಟ್ಟಿಗಳನ್ನು ತಂದು ರಿಮ್ಮಿನ ಒಳಸುತ್ತಿಗೆ ಅಂಟಿಸಿಕೊಳ್ಳಬಹುದು. ಸೀಸದ ಪಟ್ಟಿಯಾಗಿದ್ದರೆ ಮುಟ್ಟಿದ ಮೇಲೆ ಕೈ ತೊಳೆಯಬೇಕು, ಮಕ್ಕಳ ಕೈಗೆ ಕೊಡಬಾರದು.

ತೂಕ ಸೇರಿಸಿದ್ದು ಉಪಯೋಗಕ್ಕೆ ಬಂತೇ ಎಂದು ತಿಳಿಯಲು ಒಂದು ಹಲಗೆ ಬೇಕು. ಅದಕ್ಕೆ ಪಾಲಿಶ್ ಪೇಪರ್ ಅಂಟಿಸಿ, ಗಾಡಿಯನ್ನು ಅಡ್ಡಲಾಗಿ ನಿಲ್ಲಿಸಿ, ಒಂದು ಅಂಚನ್ನು ನಿಧಾನವಾಗಿ ಎತ್ತುತ್ತ ಹೋಗಬೇಕು. ಮೇಲಿನ ಗಾಲಿಗಳು ಎದ್ದ ಕ್ಷಣದ ಕೋನವನ್ನು ಮಕ್ಕಳ ಕಂಪಾಸಿನ ಕೋನಮಾಪಕದಿಂದ ಓದಿ ಬರೆದಿಡಬೇಕು. ನನ್ನದು 38 ಡಿಗ್ರಿಯಿಂದ 46ಕ್ಕೆ ಏರಿತು. ಯಾವ ಬಿಡಿಭಾಗ ಹಾಕಿದರೂ ಈ ಹಲಗೆಯ ಮುಂದೆ ತಂದು ನಿಲ್ಲಿಸುವುದನ್ನು ನಾನು ತಪ್ಪಿಸುವುದಿಲ್ಲ.

ಗೇರಿನ ವಿಷಯದಲ್ಲೂ ಇದಕ್ಕೆ ಹೊಂದುವ ಒಂದು ಮಾರ್ಪಾಡಿದೆ. ಮುಂದಿನ ಗಾಲಿಗಳು ಹಿಂದಿನವಕ್ಕಿಂತ ನೂರಕ್ಕೆ ಹತ್ತರ ಆಸುಪಾಸು ಬೇಗ ತಿರುಗುವಂತೆ ಗೇರು ಹಾಕಿದರೆ, ಗಾಡಿ ಹಿಂದಿನಿಂದ ನೂಕಿಸಿಕೊಳ್ಳುವ ಬದಲು ಮುಂದಿನಿಂದ ಎಳೆಸಿಕೊಂಡು ಹತ್ತುತ್ತದೆ, ತಿರುವೂ ಚಿಕ್ಕದಾಗುತ್ತದೆ. ಇದನ್ನು ಓವರ್‌ಡ್ರೈವ್ ಎನ್ನುತ್ತಾರೆ. ಆದರೆ ಗಟ್ಟಿ ನೆಲದಲ್ಲಿ ಹೆಚ್ಚು ಹೊತ್ತು ಓಡಿಸಿದರೆ ಗೇರುಗಳು ಬೇಗ ಸವೆಯುತ್ತವೆ.

ಬಾಡಿ, ಬಣ್ಣ, ಮೋಟಾರು

ತೆಳ್ಳಗಿನ ಪಾಲಿಕಾರ್ಬೊನೇಟ್ ಬಾಡಿಗೆ ಬಣ್ಣವನ್ನು ಒಳಮೈಗೆ ಹೊಡೆಯುತ್ತಾರೆ, ಗೀರು ಬಿದ್ದರೂ ಬಣ್ಣ ಹೋಗುವುದಿಲ್ಲ. ಒಳಗಿನಿಂದ ಹೊಡೆಯುವಾಗ ಮೊದಲು ಹೊಡೆದದ್ದೇ ಹೊರಗೆ ಕಾಣುತ್ತದೆ. ಆದ್ದರಿಂದ ಕಡುಬಣ್ಣ ಮೊದಲು, ತಿಳಿಬಣ್ಣ ಆಮೇಲೆ, ಕೊನೆಗೆ ಹಿಂದೆ ಬಿಳಿಯ ಒಂದು ಪದರು. ಕ್ರಮ ತಪ್ಪಿದರೆ ಹಳದಿಯ ಹಿಂದಿನಿಂದ ಕಪ್ಪು ಇಣುಕುತ್ತದೆ. ಹೊಡೆಯುವ ಮೊದಲು ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆದು ಒಣಗಿಸಬೇಕು, ಬೆರಳಿನ ಎಣ್ಣೆ ಉಳಿದ ಕಡೆ ಬಣ್ಣ ಏಳುತ್ತದೆ. ದಪ್ಪ ಎಬಿಎಸ್ ಬಾಡಿ ನೋಡಲು ಚೆನ್ನ, ಆದರೆ ಮೇಲ್ಭಾಗದ ಭಾರ.

ಅಲಂಕಾರಕ್ಕೆ ನಮ್ಮ ಜಿಲ್ಲೆಗಳಲ್ಲಿ ಸಾಮಾನಿನ ಕೊರತೆಯಿಲ್ಲ. ನನ್ನ ಜೀಪಿಗೆ ಕೆಎ 29 ಎಂದು ಆರಂಭವಾಗುವ ನಂಬರ್ ಪ್ಲೇಟಿದೆ. ಸೀಟಿಗೆ ಗುಳೇದಗುಡ್ಡದ ಖಣದ ತುಂಡು ಹೊದಿಸಿದ್ದೇನೆ. ಚಾಲಕನ ಜಾಗದಲ್ಲಿ ಗೋಕಾಕಿನ ಮರದ ಗೊಂಬೆಯೊಂದು ಕೂತಿದೆ. ಮೇಲಿನ ಕ್ಯಾರಿಯರಿಗೆ ಕಂಬಳಿಯ ಸುರುಳಿ, ಡಬ್ಬಿ, ಎಲ್‌ಇಡಿ ದೀಪಗಳನ್ನು ಏರಿಸಿದ ದಿನ ಹಲಗೆಯ ಕೋನ 46ರಿಂದ 43ಕ್ಕೆ ಇಳಿಯಿತು. ಕ್ಯಾರಿಯರನ್ನು ಬಿಚ್ಚಿಟ್ಟೆ. ಹಗುರ ಮರದ ಗೊಂಬೆ ಮಾತ್ರ ಉಳಿದುಕೊಂಡಿತು.

ಇನ್ನು ಮೋಟಾರು. ಬ್ರಶ್ ಇರುವ 540 ಅಳತೆಯ ಮೋಟಾರಿನಲ್ಲಿ ಒಳಗಿನ ತಂತಿಯ ಸುತ್ತುಗಳ ಸಂಖ್ಯೆ ಹೆಚ್ಚಿದಷ್ಟು ವೇಗ ಕಡಿಮೆಯಾಗಿ ನಿಧಾನಗತಿಯ ಹಿಡಿತ ಹೆಚ್ಚುತ್ತದೆ. 35ರಿಂದ 55 ಸುತ್ತಿನವು ಕ್ರಾಲರಿಗೆ ಸರಿ. ಹೊಸ ಮೋಟಾರನ್ನು ಮೊದಲು ಕಡಿಮೆ ವೋಲ್ಟೇಜಿನಲ್ಲಿ, ಭಾರವಿಲ್ಲದೆ, ಕೆಲವು ನಿಮಿಷ ತಿರುಗಿಸಿದರೆ ಬ್ರಶ್ಶುಗಳು ಕೂರುತ್ತವೆ. ಇದರಿಂದ ತೃಪ್ತಿಯಾಗದವರು ಸೆನ್ಸರ್ ಇರುವ ಬ್ರಶ್‌ಲೆಸ್ ಮೋಟಾರಿಗೆ ಹೋಗಬಹುದು. ಸೆನ್ಸರ್ ಇಲ್ಲದ ಅಗ್ಗದ ಬ್ರಶ್‌ಲೆಸ್ಸು ನಿಂತಲ್ಲಿಂದ ಹೊರಡುವಾಗ ತೊದಲುತ್ತದೆ; ಕ್ರಾಲರಿಗೆ ಬೇಕಾದದ್ದೇ ಆ ಹೊರಡುವ ಕ್ಷಣದ ನಯ.

ಬಂಡೆಯ ಮೇಲೆ

ಮೊದಲು ಟ್ರಾನ್ಸ್‌ಮಿಟರ್ ಚಾಲೂ ಮಾಡಿ, ಆಮೇಲೆ ಗಾಡಿ. ನಿಲ್ಲಿಸುವಾಗ ಮೊದಲು ಗಾಡಿ, ಆಮೇಲೆ ಟ್ರಾನ್ಸ್‌ಮಿಟರ್. ಗಾಲಿ ಜಾರತೊಡಗಿದರೆ ಟ್ರಿಗರ್ ಒತ್ತುತ್ತ ಕೂರದೆ, ಹಿಂದೆ ಬಂದು ಬೇರೆ ದಾರಿ ಹುಡುಕಬೇಕು. ಗಾಲಿಯನ್ನು ಎತ್ತರದ ಕಲ್ಲಿನ ಮೇಲೇ ಇಟ್ಟು ಹೊಟ್ಟೆಯನ್ನು ಉಳಿಸಿಕೊಳ್ಳುವುದು ಅಭ್ಯಾಸದಿಂದ ಬರುತ್ತದೆ.

ಜಾಗದ ಆಯ್ಕೆಯಲ್ಲಿ ಎಚ್ಚರ ಬೇಕು. ಬಾದಾಮಿಯ ಗುಹೆಗಳು, ಕೋಟೆ, ಗುಡಿಗಳ ಆವರಣ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಗಾಡಿ ಇಳಿಸಬಾರದು. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವನ್ನು ಕೊರೆಯಲು ಒದಗಿದ ಕಲ್ಲು ತಿರುಗುವ ರಬ್ಬರಿಗೂ ಸವೆಯಬಲ್ಲದು. ಊರಾಚೆಯ ಸಾಮಾನ್ಯ ಗುಂಡುಗಲ್ಲುಗಳನ್ನು, ಜಮೀನಿನವರನ್ನು ಕೇಳಿಯೇ ಬಳಸಬೇಕು. ಮಳೆ ಬಂದ ಮರುದಿನವೂ ಹೋಗಬಾರದು. ನೀರು ಕುಡಿದ ಮರಳುಗಲ್ಲಿನ ಗಟ್ಟಿತನ ಇಳಿದು ಅಂಚುಗಳು ಮುರಿಯುತ್ತವೆ. ಬಂಡೆ ಹತ್ತಲು ಬಾದಾಮಿಗೆ ಬರುವ ಆರೋಹಿಗಳೂ ಒದ್ದೆ ಕಲ್ಲನ್ನು ಮುಟ್ಟುವುದಿಲ್ಲ. ದಾರಿಯಲ್ಲಿ ಎರೆಮಣ್ಣು ಸಿಕ್ಕರಂತೂ ಟಾಯರಿನ ಗುಬ್ಬಿಗಳೆಲ್ಲ ಮುಚ್ಚಿ ಗಾಲಿ ಲಾಡುವಿನಂತಾಗುತ್ತದೆ. ಮತ್ತೊಂದು ಮಾತು, ಮಂಗಗಳಿರುವ ಕಡೆ ಗಾಡಿಯನ್ನು ಬಿಟ್ಟು ಹತ್ತು ಹೆಜ್ಜೆಯೂ ದೂರ ಹೋಗಬಾರದು. ನನ್ನ ಮೊದಲ ಗಾಡಿಯ ಬಾಡಿ ಇಂದಿಗೂ ಯಾವುದೋ ಮರದ ಮೇಲಿರಬೇಕು.

ಮನೆಗೆ ಬಂದೊಡನೆ ಬ್ಯಾಟರಿ ತೆಗೆದು, ಒಣ ಬ್ರಶ್ಶಿನಿಂದ ಮರಳನ್ನು ಉದುರಿಸಬೇಕು. ಮರಳುಗಲ್ಲಿನ ಪುಡಿ ಎಂದರೆ ಬಹುಪಾಲು ಸ್ಫಟಿಕದ ಕಣ. ಬೇರಿಂಗಿನೊಳಗೆ ಹೊಕ್ಕರೆ ಅರೆಯುತ್ತದೆ. ಪ್ರತಿ ಗಾಲಿಯನ್ನು ಬಿಚ್ಚಿ, ಆಕ್ಸಲ್ ತುದಿಯ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ಕಿವಿಯ ಬಳಿ ಹಿಡಿದು ಕೇಳಬೇಕು. ಸದ್ದಿಲ್ಲದಿದ್ದರೆ ಒಂದು ಹನಿ ಎಣ್ಣೆ ಸಾಕು. ಕರಕರ ಎಂದರೆ ಹೊಸದು ಹಾಕಬೇಕು, ಹಳೆಯದನ್ನು ಮತ್ತೆ ಡಬ್ಬಿಗೆ ಹಾಕಿಡಬಾರದು, ಮುಂದಿನ ಭಾನುವಾರ ಅದೇ ಕೈಗೆ ಸಿಗುತ್ತದೆ.